ನಡಿಗೆ ಕೂಡಬೇಕು

ಕಡೂರಿನಲ್ಲಿ ಬೀರೂರಿನ ಕಡೆ ಮುಖ ಮಾಡಿ ಗಾಡಿ ಸ್ಟಾರ್ಟ್ ಮಾಡಿದರೆ ಒಂದೇ ರಸ್ತೆಯಲ್ಲಿ ಸಮುದ್ರ ಮುಟ್ಟಬಹುದು. ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಆಮೇಲೆ ಗೇರುಸೊಪ್ಪೆ ಘಾಟಿ, ಕೊನೆಗೆ ಹೊನ್ನಾವರ. ಹೆದ್ದಾರಿಯ ನಂಬರು 206 ಹೋಗಿ 69 ಆಗಿ ಎಷ್ಟೋ ವರ್ಷವಾಯಿತು. ನಮ್ಮೂರುಗಳ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಬಿ.ಎಚ್. ರಸ್ತೆ, ಬೆಂಗಳೂರು–ಹೊನ್ನಾವರ ರಸ್ತೆ. ಇಂಥ ರಸ್ತೆ ಮನೆ ಬಾಗಿಲಲ್ಲೇ ಹಾದುಹೋಗುವಾಗ ದೂರದ ಸವಾರಿಯ ಆಸೆ ಹುಟ್ಟದೆ ಇರುವುದು ಕಷ್ಟ.

ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಯಾವ ಬೈಕು ಕೊಳ್ಳಲಿ ಎಂಬ ವಿಚಾರಕ್ಕೇ. ತಿಂಗಳ ಹಿಂದೆ ತರೀಕೆರೆಯಿಂದ ಒಬ್ಬ ಹುಡುಗ ಕೇಳಿದ್ದು ಬೇರೆ. “ಸಾರ್, ಗಾಡಿ ಇದೆ, ರಜೆ ಇದೆ, ದುಡ್ಡೂ ಒಂದಿಷ್ಟು ಇದೆ. ಜೊತೆಗೆ ಬರೋರೇ ಇಲ್ಲ. ಎಲ್ಲಿ ಹುಡುಕಲಿ?” ಬೈಕಿನ ಬಗ್ಗೆ ಇಷ್ಟು ವರ್ಷ ಬರೆದ ನಾನು ಇದರ ಬಗ್ಗೆ ಒಂದು ಸಲವೂ ಬರೆದಿಲ್ಲವಲ್ಲ ಅನ್ನಿಸಿತು. ದೂರದ ಸವಾರಿ ಕೆಡುವುದು ಗಾಡಿ ಕೆಟ್ಟು ಅಲ್ಲವೇ ಅಲ್ಲ. ಕೆಟ್ಟ ಗಾಡಿ ರಿಪೇರಿಯಾಗುತ್ತದೆ. ಜೊತೆ ಕೆಟ್ಟರೆ ಮೂರನೇ ದಿನಕ್ಕೆ ಮನೆ ನೆನಪಾಗುತ್ತದೆ.

ಬೆಂಗಳೂರಿನವರಿಗೆ ಕ್ಲಬ್ಬುಗಳಿವೆ. ಬುಲೆಟ್‌ನವರದು ಒಂದು, ಜಾವಾ–ಯೆಜ್ಡಿಯವರದು ಒಂದು. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಅಂತ ನೂರಾರು ಹಳೇ ಗಾಡಿಗಳು ಒಂದೆಡೆ ಸೇರುತ್ತವೆ. ಅವರಿಗೆ ಜೊತೆ ಹುಡುಕುವ ಕಷ್ಟವಿಲ್ಲ, ಸಿಕ್ಕ ನೂರು ಜನರಲ್ಲಿ ನಾಲ್ಕು ಜನರನ್ನು ಆರಿಸುವುದೇ ಕಷ್ಟ. ಕಡೂರು, ತರೀಕೆರೆ, ಅಜ್ಜಂಪುರ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಕತೆ ತಿರುವುಮುರುವು. ಅಡಿಕೆ ತೋಟದವನಿಗೆ ಕೊಯ್ಲಿನ ಕಾಲದಲ್ಲಿ ಬಿಡುವಿಲ್ಲ, ಅಂಗಡಿಯವನಿಗೆ ಭಾನುವಾರವೇ ವ್ಯಾಪಾರ, ಮೇಷ್ಟ್ರುಗಳಿಗೆ ರಜೆ ಸಿಗುವುದು ಏಪ್ರಿಲ್ ಬಿಸಿಲಿನಲ್ಲಿ. ಹಾಗಾದರೆ ಎಲ್ಲಿ ಹುಡುಕಬೇಕು?

ನನ್ನ ಉತ್ತರ, ಮೆಕ್ಯಾನಿಕ್ ಶೆಡ್ಡಿನಲ್ಲಿ.

ಯೆಜ್ಡಿ ಕಾಲದಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಅದು ಮುಚ್ಚಿದ ಮೇಲೆ ಬಿಡಿಭಾಗಗಳಿಗೆ ಪರದಾಟ ಶುರುವಾಯಿತು. ಕಿಕ್ ಹೊಡೆದ ಲಿವರೇ ಮುಂದಕ್ಕೆ ಬಂದು ಗೇರ್ ಲಿವರ್ ಆಗುವ ಆ ಗಾಡಿ ಇಟ್ಟುಕೊಂಡವರು, ಕ್ಲಚ್ ಪ್ಲೇಟು ಯಾರ ಮನೆಯ ಅಟ್ಟದಲ್ಲಿದೆ ಎಂದು ವಿಚಾರಿಸುತ್ತಲೇ ಒಬ್ಬರಿಗೊಬ್ಬರು ಪರಿಚಯವಾದರು. ನನಗೆ ಕಡೂರಿನ ಮೆಕ್ಯಾನಿಕ್ ಸಾಬರ ಪರಿಚಯವಾದದ್ದೂ ಹಾಗೆಯೇ. ಹೆಣ್ಣು ಕೊಡುವ ಮುಂಚೆ ಊರಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತಾರಲ್ಲ, ಜೊತೆಗಾರನ ವಿಷಯದಲ್ಲಿ ನಾನು ವಿಚಾರಿಸುವುದು ಅವರೊಬ್ಬರನ್ನೇ. ಆಯಿಲ್ ಯಾರು ಹೊತ್ತಿಗೆ ಸರಿಯಾಗಿ ಬದಲಿಸುತ್ತಾರೆ, ಟೈರು ಸವೆದು ನುಣ್ಣಗಾದರೂ ಯಾರು “ಇನ್ನೊಂದು ತಿಂಗಳು ಓಡ್ಲಿ ಬಿಡಿ” ಅನ್ನುತ್ತಾರೆ, ಬ್ರೇಕ್ ಶೂ ಹೋಗುವುದಕ್ಕೆ ಯಾರ ಕಾಲಿನ ಅಭ್ಯಾಸ ಕಾರಣ, ಎಲ್ಲ ಅವರಿಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ತರೀಕೆರೆಯ ಒಬ್ಬ ಮೇಷ್ಟ್ರ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: “ಆ ಮೇಷ್ಟ್ರು ಗಾಡಿ ತಂದ್ರೆ ಚೈನ್ ನಾನು ಮುಟ್ಟೋದೇ ಬೇಡ ಸಾರ್. ಅವ್ರೇ ತೊಳೆದು, ಒರೆಸಿ, ಎಣ್ಣೆ ಬಿಟ್ಟಿರ್ತಾರೆ.” ಅಷ್ಟೇ ಸಾಕಾಯಿತು. ಅವತ್ತಿನಿಂದ ಮೇಷ್ಟ್ರು ನನ್ನ ಜೊತೆಗಿದ್ದಾರೆ.

ಗಾಡಿಯನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂಬುದು ಸಣ್ಣ ವಿಷಯ ಅನ್ನಿಸಬಹುದು. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನನ್ಸ್’ ಓದಿದವರಿಗೆ ಇದು ಸಣ್ಣದಲ್ಲ ಎಂದು ಗೊತ್ತಿರುತ್ತದೆ. 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು, ಗೆಳೆಯ ದಂಪತಿಯ ಜೊತೆ ಹೊರಟ ಪ್ರವಾಸ ಅದು. ಗೆಳೆಯನದು ಬಿ.ಎಂ.ಡಬ್ಲ್ಯು. ಅದರ ಹ್ಯಾಂಡಲ್ ಸಡಿಲವಾಗಿ ಜಾರುತ್ತಿದ್ದಾಗ, ಬಿಯರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ಕೊಟ್ಟರೆ ಬಿಗಿಯಾಗುತ್ತದೆ ಎಂದು ಕಥೆ ಹೇಳುವವ ಸೂಚಿಸುತ್ತಾನೆ. ಗೆಳೆಯನಿಗೆ ಅದು ಅವಮಾನದಂತೆ ಕಾಣುತ್ತದೆ. ಒಂದು ತಗಡಿನ ಚೂರು ಇಬ್ಬರ ನಡುವೆ ಎಷ್ಟು ದೂರವಿದೆ ಎಂದು ತೋರಿಸಿಬಿಡುತ್ತದೆ. ನಾನು ಆ ಪುಟಗಳನ್ನು ತತ್ವಶಾಸ್ತ್ರ ಅಂತ ಓದುವುದಕ್ಕಿಂತ ಹೆಚ್ಚಾಗಿ, ಜೊತೆಗಾರನನ್ನು ಕುರಿತ ಪಾಠ ಅಂತಲೇ ಓದಿದ್ದೇನೆ.

ಇನ್ನು ವೇಗದ ಮಾತು. ಒಂದೇ ಸಿಸಿಯ ಗಾಡಿ ಇದ್ದರೆ ಜೊತೆ ಸರಿಹೋಗುತ್ತದೆ ಎಂದು ಹುಡುಗರು ನಂಬಿದ್ದಾರೆ. ಅಷ್ಟು ಸಾಲದು ಎಂದು ಎತ್ತಿನ ಲೆಕ್ಕದಲ್ಲಿ ನನಗೆ ಹೇಳಿದವರು ನಮ್ಮ ಸೋದರಮಾವ, ಅಂತರಘಟ್ಟೆ ಜಾತ್ರೆಗೆ ಎತ್ತಿನ ಗಾಡಿ ಕಟ್ಟುತ್ತಿದ್ದವರು. ಜಾತ್ರೆ ಹತ್ತಿರವಾದರೆ ಸುತ್ತಲಿನ ಊರುಗಳಿಂದ ಗಾಡಿಗಳು ಸಾಲುಗಟ್ಟಿ ಹೋಗುವುದನ್ನು ಇವತ್ತೂ ನೋಡಬಹುದು. ಅವರು ಎತ್ತು ಕೊಳ್ಳಲು ಹೋದಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. “ಕೊಂಬು ನೋಡಿ, ಬಣ್ಣ ನೋಡಿ ಜೊತೆ ಮಾಡಬ್ಯಾಡ ಕಣೋ, ನಡಿಗೆ ಕೂಡ್ತದಾ ನೋಡು” ಅನ್ನುತ್ತಿದ್ದರು. ಒಂದು ಬಿರುಸು, ಇನ್ನೊಂದು ಮಂದವಾದರೆ ನೊಗ ಓರೆಯಾಗುತ್ತದೆ, ಬಿರುಸಿನ ಎತ್ತಿನ ಹೆಗಲೇ ಮೊದಲು ಹುಣ್ಣಾಗುತ್ತದೆ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಕೇಂದ್ರ ಇರುವುದು ನಮಗೆಲ್ಲ ಗೊತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದದ್ದು. ಈ ಎತ್ತುಗಳ ಬಲದಿಂದಲೇ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಕ್ಕೆ ನೆರವಾಗಿ ಹೋದನೆಂದು ಹಳೆಯ ದಾಖಲೆಗಳು ಹೇಳುತ್ತವೆ. ಅಷ್ಟು ದೂರ ಎಳೆಯಬೇಕಾದರೆ ಒಂಟಿ ಎತ್ತಿನ ಶಕ್ತಿಯೊಂದೇ ಸಾಕಾಗುತ್ತಿರಲಿಲ್ಲ, ಪಕ್ಕದ ಎತ್ತಿನ ಹೆಜ್ಜೆಯೂ ಅದರ ಹೆಜ್ಜೆಗೆ ಕೂಡಿರಬೇಕಿತ್ತು.

ಬೈಕಿನಲ್ಲಿ ನಡಿಗೆ ಕೂಡುವುದೆಂದರೆ ಏನು? ಲೆಕ್ಕ ಹಾಕಿ ನೋಡಿ. 300 ಕಿ.ಮೀ. ದಾರಿಗೆ 60ರಲ್ಲಿ ಹೋಗುವವನಿಗೆ ಐದು ಗಂಟೆ ಬೇಕು, 80ರಲ್ಲಿ ಹೋಗುವವನಿಗೆ ಮೂರು ಮುಕ್ಕಾಲು. ನಡುವೆ ಒಂದೂಕಾಲು ಗಂಟೆ. ಇದನ್ನು ಹೇಗೋ ಸರಿದೂಗಿಸಬಹುದು, ಮುಂದೆ ಹೋದವನು ಎಲ್ಲೋ ಕಾಫಿ ಕುಡಿಯುತ್ತಾ ಕಾಯುತ್ತಾನೆ. ಸರಿದೂಗಿಸಲಾಗದ್ದು ನಿಲ್ಲುವ ರೀತಿ. ಒಬ್ಬನಿಗೆ ಐವತ್ತು ಕಿ.ಮೀ.ಗೊಮ್ಮೆ ಸಿಗರೇಟು ಬೇಕು. ಒಬ್ಬನಿಗೆ ಪೆಟ್ರೋಲ್ ಖಾಲಿಯಾಗುವವರೆಗೆ ಸೊಂಟ ಎತ್ತುವ ಯೋಚನೆಯೇ ಇಲ್ಲ. ಇನ್ನೊಬ್ಬ ಕಂಡ ಕಲ್ಲಿಗೆಲ್ಲ ನಿಂತು ಫೋಟೋ ತೆಗೆಯುತ್ತಾನೆ. ಜೊತೆಗಾರನನ್ನು ನಾನು ಅಳೆಯುವುದು ಅವನು ಓಡಿಸುವುದನ್ನು ನೋಡಿ ಅಲ್ಲ, ಅವನು ಎಲ್ಲಿ, ಯಾಕೆ, ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದನ್ನು ನೋಡಿ.

ಇದನ್ನು ನನಗೆ ಕಲಿಸಿದ್ದು ಗೇರುಸೊಪ್ಪೆ ಘಾಟಿ. ಏಳೆಂಟು ವರ್ಷದ ಹಿಂದಿನ ಮಾತು. ಸೆಪ್ಟೆಂಬರ್ ಕೊನೆ, ಮಳೆ ಪೂರ್ತಿ ಬಿಟ್ಟಿರಲಿಲ್ಲ. ಮೇಷ್ಟ್ರು ಆ ಸಲ ಇರಲಿಲ್ಲ, ಬೇರೆ ನಾಲ್ವರ ಜೊತೆ ಐದು ಜನ ಹೊನ್ನಾವರಕ್ಕೆ ಹೊರಟಿದ್ದೆವು. ಮಾವಿನಗುಂಡಿ ದಾಟಿ ಇಳಿಜಾರಿನಲ್ಲಿ ನನ್ನ ಗಾಡಿಯ ಹಿಂದಿನ ಚಕ್ರ ತೂಗಾಡತೊಡಗಿತು. ಪಂಚರ್. ಕಡ್ಡಿ ಚಕ್ರ, ಟ್ಯೂಬ್ ಟೈರು, ಬಿಚ್ಚದೆ ಗತ್ಯಂತರವಿಲ್ಲ. ಮುಂದಿದ್ದ ನಾಲ್ವರೂ ತಿರುವಿನಲ್ಲಿ ಮರೆಯಾಗಿದ್ದರು, ಫೋನಿಗೆ ಸಿಗ್ನಲ್ ಇಲ್ಲ. ಮಳೆಯಲ್ಲಿ ನಿಂತೆ. ಹತ್ತು ನಿಮಿಷ ಕಳೆದಿರಬೇಕು, ಕೆಳಗಿನಿಂದ ಒಂದು ಲೈಟು ಹತ್ತಿ ಬಂತು. ಅಜ್ಜಂಪುರದ ಈರುಳ್ಳಿ ವ್ಯಾಪಾರಿ. ತಂಡಕ್ಕೆ ಹೊಸಬರು, ದಾರಿಯುದ್ದಕ್ಕೂ ನಾಲ್ಕು ಮಾತೂ ಆಡಿರಲಿಲ್ಲ, ಗಾಡಿಯೂ ಎಲ್ಲರದಕ್ಕಿಂತ ಚಿಕ್ಕದು. “ಕನ್ನಡೀಲಿ ನಿಮ್ಮ ಲೈಟು ಕಾಣ್ಲಿಲ್ಲ ಸಾರ್. ಎರಡು ತಿರುವು ನೋಡ್ದೆ, ಆಮೇಲೆ ವಾಪಸ್ ತಿರುಗಿಸ್ದೆ” ಅಂದರು. ಅಷ್ಟು ಹೇಳಿ ಸೀಟಿನ ಕೆಳಗಿಂದ ಎರಡು ಟೈರ್ ಲಿವರ್ ತೆಗೆದರು. ಚಕ್ರ ಬಿಚ್ಚಿ, ಟ್ಯೂಬ್ ಹೊರಗೆಳೆದು, ಟೈರಿನ ಒಳಗೆ ಬೆರಳಾಡಿಸಿ ಒಂದಿಂಚಿನ ಮೊಳೆ ಹುಡುಕಿದರು. ಟ್ಯೂಬನ್ನು ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ತಮ್ಮ ಮೈಮೇಲಿದ್ದ ರೈನ್‌ಕೋಟನ್ನೇ ಬಿಚ್ಚಿ ಅದರ ಮೇಲೆ ಹಿಡಿದು ನಿಂತರು. ಅವರ ಬೆನ್ನು ಪೂರ್ತಿ ನೆನೆಯಿತು. ಉಳಿದ ಮೂವರು ಆ ಹೊತ್ತಿಗೆ ಹೊನ್ನಾವರದಲ್ಲಿ ಮೀನೂಟಕ್ಕೆ ಕೂತಿದ್ದರಂತೆ. ಅವರು ಕೆಟ್ಟವರಲ್ಲ, ಇಂದಿಗೂ ಸಿಕ್ಕರೆ ಪ್ರೀತಿಯಿಂದ ಮಾತಾಡುತ್ತಾರೆ. ಅವರ ಜೊತೆ ಮತ್ತೆ ದೂರ ಹೋಗಿಲ್ಲ, ಅಷ್ಟೆ.

ಅವತ್ತಿನಿಂದ ನಮ್ಮದು ಮೂವರ ತಂಡ: ಮೇಷ್ಟ್ರು, ವ್ಯಾಪಾರಿ, ನಾನು. ನಿಯಮ ಒಂದೇ. ಹಿಂದಿನವನ ಲೈಟು ಕನ್ನಡಿಯಲ್ಲಿ ಕಾಣದಿದ್ದರೆ ಮುಂದಿನವನು ನಿಲ್ಲಬೇಕು, ಕವಲು ಬಂದಲ್ಲಿ ಹಿಂದಿನವನು ಬಂದು ಮುಟ್ಟುವವರೆಗೆ ತಿರುಗಬಾರದು. ಐದಕ್ಕಿಂತ ಹೆಚ್ಚು ಗಾಡಿಗಳ ತಂಡ ನನಗೆ ಒಗ್ಗುವುದಿಲ್ಲ. ಹತ್ತು ಜನ ಟೀ ಕುಡಿದು ಏಳುವುದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಖರ್ಚಿನ ಲೆಕ್ಕ ವ್ಯಾಪಾರಿಗಳದು. ಜೇಬಿನಲ್ಲೊಂದು ಪುಟ್ಟ ಪುಸ್ತಕ, ಪ್ರತಿ ಬಂಕಿನಲ್ಲಿ ಲೀಟರು, ಮೀಟರು, ರೂಪಾಯಿ ಬರೆಯುತ್ತಾರೆ. ದುಡ್ಡಿನ ವಿಷಯ ಹೊರಡುವ ಮೊದಲೇ ಬಾಯಿಬಿಟ್ಟು ಆಡಿಬಿಡಬೇಕು. ಲಾಡ್ಜಿಗೆ ಎಷ್ಟು ಕೊಡುವುದು, ಎ.ಸಿ. ಬೇಕೋ ಬೇಡವೋ, ಎಲ್ಲವನ್ನೂ.

ಹೆಣ್ಣುಮಕ್ಕಳಿಗೆ ಈ ಹುಡುಕಾಟ ಇನ್ನೂ ಬಿಗಿ. ನಮ್ಮೂರುಗಳ ಹುಡುಗಿಯರು ಸ್ಕೂಟರಿನಲ್ಲಿ ಕಾಲೇಜಿಗೆ, ಬ್ಯಾಂಕಿಗೆ ಸಲೀಸಾಗಿ ಹೋಗುತ್ತಾರೆ. ಸಾಗರಕ್ಕೆ ಹೋಗಿಬರುತ್ತೇನೆ ಅಂದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ “ಯಾರ ಜೊತೆ?” 2011ರಲ್ಲಿ ಶುರುವಾದ ಬೈಕರ್ನಿಯಂಥ ಮಹಿಳಾ ಸವಾರರ ಸಂಘ ಈ ಪ್ರಶ್ನೆಗೆ ಉತ್ತರವಾಗಿಯೇ ದೇಶದಲ್ಲೆಲ್ಲ ಬೆಳೆದದ್ದು ಎಂದು ನನ್ನ ನಂಬಿಕೆ. ಹುಬ್ಬಳ್ಳಿ ಮೂಲದ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ಒಬ್ಬರೇ ಹೋದರು. ಒಂಟಿ ಸವಾರಿಗೆ ಬೇರೆಯೇ ಗುಂಡಿಗೆ ಬೇಕು, ಅದನ್ನು ಗೌರವಿಸುತ್ತೇನೆ. ಆದರೆ ಮೊದಲ ದೂರದ ಸವಾರಿಗೆ ಹೊರಡುವ ನಮ್ಮೂರಿನ ಹುಡುಗಿಗೆ ನಾನು ಹೇಳುವುದು, ಇನ್ನೊಬ್ಬಳನ್ನು ಹುಡುಕಿಕೋ, ಶಿವಮೊಗ್ಗದಲ್ಲಾದರೂ ಸರಿ, ಹಾಸನದಲ್ಲಾದರೂ ಸರಿ.

ಸಿಕ್ಕವರನ್ನು ನೇರವಾಗಿ ಹತ್ತು ದಿನದ ಪ್ರವಾಸಕ್ಕೆ ಕರೆದೊಯ್ಯಬೇಡಿ. ಪರೀಕ್ಷೆಗೆ ನಮ್ಮ ಮೂರು ತಾಲ್ಲೂಕುಗಳೇ ಸಾಕು. ಬೆಳಗ್ಗೆ ಆರಕ್ಕೆ ಕಡೂರು ಬಿಟ್ಟು ಅಜ್ಜಂಪುರ. ತೆಂಗಿನ ತೋಟ, ಬಯಲು, ನೇರ ರಸ್ತೆ. ಇಲ್ಲಿ ಹೊಸಬ ಕೈ ಎಷ್ಟು ತಡೆಯುತ್ತಾನೆ ನೋಡಬೇಕು. ತರೀಕೆರೆ ಸೇರುವ ಮುಂಚೆ ಅಮೃತಾಪುರ. ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿ, ಅಲ್ಲಿನ ಶಾಸನ ಬರೆದವನು ಕವಿ ಜನ್ನ. ಆ ಕಲ್ಲಿನ ಮುಂದೆ ಅರ್ಧ ಗಂಟೆ ಸುಮ್ಮನೆ ಕೂತಿರಬಲ್ಲವನು ನನಗೆ ಬೇಕಾದವನು. ಆಮೇಲೆ ಲಿಂಗದಹಳ್ಳಿ, ಕಲ್ಲತ್ತಿಗಿರಿ, 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಬೆಟ್ಟ ಅದು. ತಿರುವಿನಲ್ಲಿ ಹಾರ್ನ್ ಮಾಡುತ್ತಾನಾ, ಎದುರು ಬಸ್ಸು ಬಂದರೆ ಜಾಗ ಬಿಡುತ್ತಾನಾ, ಇಳಿಯುವಾಗ ಗೇರಿನಲ್ಲಿ ಇಳಿಯುತ್ತಾನಾ ಬರೀ ಬ್ರೇಕಿನಲ್ಲಾ. ಲಿಂಗದಹಳ್ಳಿಯಿಂದ ಬೀರೂರಿನ ಮೇಲೆ ವಾಪಸ್ ಬರುವಷ್ಟರಲ್ಲಿ ಸಂಜೆ. ದಣಿದಾಗ, ಹಸಿದಾಗ ಮನುಷ್ಯನ ಮಾತು ಹೇಗಿರುತ್ತದೆ ಎಂಬುದೂ ಅಷ್ಟರೊಳಗೆ ಗೊತ್ತಾಗಿರುತ್ತದೆ.

ಫೋನ್ ಮಾಡಿದ ಆ ತರೀಕೆರೆ ಹುಡುಗನನ್ನು ಮೊನ್ನೆ ಭಾನುವಾರ ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆವು. ಲಿಂಗದಹಳ್ಳಿ ದಾಟಿದ ಮೇಲೆ ಮೇಷ್ಟ್ರು ಹೇಳದೆ ಕೇಳದೆ ಒಂದು ಮರದ ಕೆಳಗೆ ನಿಂತರು. ನಾವೂ ನಿಂತೆವು. ಮುಂದಿದ್ದ ಹುಡುಗ ತಿರುಗಿ ಬಂದಾಗ ಒಂಬತ್ತು ನಿಮಿಷ ಆಗಿತ್ತು. “ಏನಾಯ್ತು ಸಾರ್?” ಅಂದ, ಮುಖದಲ್ಲಿ ಗಾಬರಿ. “ಏನಿಲ್ಲಪ್ಪ, ನೀರು ಕುಡಿದೆ” ಅಂದರು ಮೇಷ್ಟ್ರು. ಇಳಿಯುವಾಗ ಕಲ್ಲತ್ತಿಗಿರಿಯ ಹತ್ತಿರ ಮತ್ತೆ ನಿಂತರು. ಈ ಸಲ ಎರಡೇ ನಿಮಿಷಕ್ಕೆ ಅವನ ಲೈಟು ನಮ್ಮ ಕಡೆ ತಿರುಗಿತು.

ಈ ವರ್ಷ ಧನುಷ್ಕೋಡಿಗೆ ಹೋಗುವುದಿದೆ. ಮೂವರೋ ನಾಲ್ವರೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಅಜ್ಜಂಪುರದ ಈರುಳ್ಳಿ ಕಿತ್ತು, ಒಣಗಿ, ಲಾರಿ ಹತ್ತಿದ ಮೇಲೆ ಹೊರಡುತ್ತೇವೆ. ಅಷ್ಟರೊಳಗೆ ಹುಡುಗನ ಗಾಡಿಯ ಎರಡೂ ಟೈರು ಬದಲಾಗಿರಬೇಕು ಎಂದು ಕಡೂರಿನ ಸಾಬರು ಹೇಳಿಕಳಿಸಿದ್ದಾರೆ.