ಕಲ್ಲಿನ ಬೋರ್ಡಿಂಗು, ಊಟದ ಬೋರ್ಡಿಂಗು

ಆಂಟಾಪ್ ಹಿಲ್ಲಿನ ಹಳೆಯ ಕನ್ನಡಿಗರ ಬಾಯಲ್ಲಿ 'ಬೋರ್ಡಿಂಗ್' ಅಂದರೆ ಶಾಲೆಯಲ್ಲ, ಊಟ. ಇಲ್ಲಿಂದ ಕಿಂಗ್ಸ್ ಸರ್ಕಲ್ ದಾಟಿದರೆ ಮಾಟುಂಗಾ ಸ್ಟೇಶನ್ನಿನ ಹತ್ತಿರ, 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬೆಂಗಳೂರಿನಲ್ಲಿ ಇದೇ ಶಬ್ದ ಹೇಳಿದರೆ ನಿಮಗೆ ಬಿಷಪ್ ಕಾಟನ್ ಶಾಲೆ ನೆನಪಾಗುತ್ತದೆ, ಕಂಬ ಕಮಾನು ನೆನಪಾಗುತ್ತದೆ. ತಮಾಷೆಯೆಂದರೆ ಮೂಲಕ್ಕೆ ಹತ್ತಿರ ಇರುವುದು ನಮ್ಮ ಅರ್ಥವೇ. ಇಂಗ್ಲಿಷಿನಲ್ಲಿ ಬೋರ್ಡ್ ಅಂದರೆ ಹಲಗೆ. ಹಲಗೆಯ ಮೇಲೆ ಊಟ ಬಡಿಸುತ್ತಿದ್ದರು, ಆದ್ದರಿಂದ ಅದು ಊಟವೂ ಆಯಿತು. ಶಾಲೆ ಬಂದದ್ದು ಆಮೇಲೆ.

ಈ ಇಂಗ್ಲಿಷ್ ಶಾಲೆಗಳ ಕಟ್ಟಡಗಳ ಬಗ್ಗೆ ದಪ್ಪ ಹಾಳೆಯ, ಬಣ್ಣದ ಚಿತ್ರಗಳ ಪುಸ್ತಕಗಳು ಬರುತ್ತವೆ. ಗೋಪುರ, ಬಣ್ಣದ ಗಾಜು, ಬಳ್ಳಿ ಹಬ್ಬಿದ ಗೋಡೆ. ಚಿತ್ರದಲ್ಲಿ ಮಕ್ಕಳೇ ಇರುವುದಿಲ್ಲ. ನನಗೆ ಇದೊಂದು ದೊಡ್ಡ ಕೊರತೆ ಅಂತ ಕಾಣುತ್ತದೆ. ಮನೆ ಬಿಟ್ಟು ಬಂದ ಹುಡುಗರನ್ನು ಇಡುವುದಕ್ಕಾಗಿ ಕಟ್ಟಿದ ಕಟ್ಟಡವನ್ನು ಆ ಹುಡುಗರನ್ನು ಬಿಟ್ಟು ನೋಡುವುದು ಹೇಗೆ?

ವಿಂಚೆಸ್ಟರನ್ನೇ ತೆಗೆದುಕೊಳ್ಳಿ. ಬಿಷಪ್ ವಿಲಿಯಂ ಆಫ್ ವೈಕಂ 1382ರಲ್ಲಿ ಸ್ಥಾಪಿಸಿದ ಶಾಲೆ. 1394ರಲ್ಲಿ ಹುಡುಗರು ಕಟ್ಟಡಕ್ಕೆ ಬಂದರು, 70 ಮಂದಿ. ಒಂದು ಹೆಬ್ಬಾಗಿಲು, ಅದರೊಳಗೆ ಇನ್ನೊಂದು ಬಾಗಿಲು, ಆಮೇಲೆ ಚೌಕ ಅಂಗಳ. ಬೀದಿಯ ಕಡೆಗೆ ಕಿಟಕಿ ಕಡಿಮೆ, ಎಲ್ಲದರ ಮುಖವೂ ಅಂಗಳಕ್ಕೆ. ಅಂಗಳದ ಸುತ್ತ ಮಲಗುವ ಕೋಣೆಗಳು, ಒಂದು ಬದಿಗೆ ಪ್ರಾರ್ಥನಾ ಮಂದಿರ ಮತ್ತು ಊಟದ ಹಾಲ್. ನಮ್ಮ ತೊಟ್ಟಿ ಮನೆ ಕಂಡವರಿಗೆ ಇದು ಅಪರಿಚಿತವಲ್ಲ. ಆದರೆ ತೊಟ್ಟಿ ಮನೆಯಲ್ಲಿ ಅಂಗಳಕ್ಕೆ ಆಕಾಶ ಬರುತ್ತದೆ, ಜಗಲಿಗೆ ಊರು ಬರುತ್ತದೆ. ಇಲ್ಲಿ ಊರು ಹೊರಗೇ. ಇದ್ದ ಊರನ್ನು ಮರೆತು ಅಂಗಳವನ್ನೇ ಊರು ಅಂದುಕೊಳ್ಳಬೇಕು, ಅದಕ್ಕೆ ತಕ್ಕ ಹಾಗೆ ಗೋಡೆ.

ಅದನ್ನೇ ನೋಡಿಕೊಂಡು 1440ರಲ್ಲಿ ಆರನೆಯ ಹೆನ್ರಿ ಈಟನ್ ಕಟ್ಟಿಸಿದ. ಅಲ್ಲಿಗೂ 70 ಬಡ ವಿದ್ಯಾರ್ಥಿಗಳು. ಅವರ ಮಲಗುವ ಜಾಗಕ್ಕೆ ಲಾಂಗ್ ಚೇಂಬರ್ ಅಂತ ಹೆಸರು: ಒಂದೇ ಉದ್ದ ಕೋಣೆ, ರಾತ್ರಿ ಹೊರಗಿನಿಂದ ಬೀಗ, ಬೆಳಗಿನವರೆಗೆ ಒಳಗೆ ನಡೆದದ್ದೇ ನ್ಯಾಯ. ದೊಡ್ಡ ಹುಡುಗರು ಚಿಕ್ಕವರನ್ನು ಗೋಳುಹೊಯ್ದುಕೊಳ್ಳುವುದಕ್ಕೆ ಇದಕ್ಕಿಂತ ಅನುಕೂಲದ ಕಟ್ಟಡ ಬೇರೆ ಬೇಕಿಲ್ಲ. 1840ರ ದಶಕದಲ್ಲಿ ಹೊಸ ಕಟ್ಟಡ ಎದ್ದು ಪ್ರತ್ಯೇಕ ಕೋಣೆಗಳು ಬರುವ ತನಕ ಹೀಗೇ ನಡೆಯಿತು. ನಾಲ್ಕು ನೂರು ವರ್ಷ! ಅದೇ ಈಟನ್ನಿನ ಪ್ರಾರ್ಥನಾ ಮಂದಿರದಲ್ಲಿ ತಲೆಯೆತ್ತಿ ನೋಡುವವರು ಬೀಸಣಿಗೆ ಬಿಚ್ಚಿದಂತಿರುವ ಚಾವಣಿಗೆ ಬೆರಗಾಗುತ್ತಾರೆ. ಅದು 15ನೇ ಶತಮಾನದ್ದಲ್ಲ. ಹಳೆಯ ಮರದ ಚಾವಣಿಗೆ ಹುಳ ಹಿಡಿದ ಮೇಲೆ 1950ರ ದಶಕದ ಕೊನೆಗೆ ಕೂರಿಸಿದ್ದು. ಉಕ್ಕಿನ ತೊಲೆ, ಕಲ್ಲಿನ ಮುಖ ಹೊದ್ದ ಕಾಂಕ್ರೀಟು. ಇದರಲ್ಲಿ ತಪ್ಪೇನೂ ಇಲ್ಲ ಬಿಡಿ. ಆದರೆ 'ಪುರಾತನ' ಎಂಬ ಶಬ್ದವನ್ನು ಎಷ್ಟು ಸಡಿಲವಾಗಿ ಬಳಸುತ್ತೇವೆ ಅಂತ ತಿಳಿಯುತ್ತದೆ.

ಈ ನಕ್ಷೆ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಶಾಲೆಗೆ (1865) ಹೆಸರು ಕೊಟ್ಟ ಬಿಷಪ್ ಕಾಟನ್, ರಗ್ಬಿಯಲ್ಲಿ ಥಾಮಸ್ ಅರ್ನಾಲ್ಡರ ಕೈಕೆಳಗೆ ಮೇಷ್ಟರಾಗಿದ್ದವರು. ಕೊಡಗಿನ ಜನರಲ್ ತಿಮ್ಮಯ್ಯನವರು ಓದಿದ್ದು ಅಲ್ಲೇ. ಮುಂಬಯಿಯ ಕತೆ ಇನ್ನೂ ಹಳೆಯದು. 1815ರಲ್ಲಿ ಆರ್ಚ್‌ಡೀಕನ್ ಜಾರ್ಜ್ ಬಾರ್ನ್ಸ್ ಬಾಂಬೆ ಎಜುಕೇಶನ್ ಸೊಸೈಟಿ ಕಟ್ಟಿದರು. ಅದರ ಶಾಲೆ ಬೈಕಲಾದಲ್ಲಿ ಬೆಳೆಯಿತು, ಸುತ್ತ ಊರೂ ಬೆಳೆಯಿತು. ಕಡೆಗೆ 1925ರಲ್ಲಿ ಬೋರ್ಡಿಂಗ್ ಮಕ್ಕಳನ್ನು ಘಟ್ಟದ ಮೇಲಿನ ದೇವಲಾಲಿಗೆ, ಬಾರ್ನ್ಸ್ ಸ್ಕೂಲಿಗೆ ಸಾಗಿಸಿದರು. ಬೈಕಲಾದಲ್ಲಿ ಕ್ರೈಸ್ಟ್ ಚರ್ಚ್ ಸ್ಕೂಲ್ ಹಗಲು ಶಾಲೆಯಾಗಿ ಉಳಿಯಿತು. ವಿಂಚೆಸ್ಟರಿನಲ್ಲಿ ಊರನ್ನು ದೂರ ಇಟ್ಟದ್ದು ಗೋಡೆ, ಇಲ್ಲಿ ಘಟ್ಟ. ಬುದ್ಧಿ ಒಂದೇ.

ಇಷ್ಟು ಹೇಳಿದರೂ ಒಂದು ಮಾತು ಒಪ್ಪಲೇಬೇಕು. ಆ ಕಟ್ಟಡ ಕಟ್ಟಿದವರಿಗೆ, ಪರಸ್ಥಳದ ಹುಡುಗನಿಗೆ ಮಲಗಲು, ಉಣ್ಣಲು, ಓದಲು ಒಂದೊಂದು ಜಾಗ ಬೇಕು ಎಂಬುದು ಗೊತ್ತಿತ್ತು. ವಿಂಚೆಸ್ಟರಿನ ಊಟದ ಹಾಲ್ ಮೇಲಂತಸ್ತಿನಲ್ಲಿದೆ, ಅದರ ಕೆಳಗೇ ಪಾಠದ ಕೋಣೆ ಇತ್ತು. ಮಲಗುವ ಕೋಣೆಯನ್ನು ನಾನು ಮೆಚ್ಚಲಾರೆ, ಈ ಊಟದ ಹಾಲನ್ನು ಮೆಚ್ಚುತ್ತೇನೆ.

ಮುಂಬಯಿಗೆ ಬಂದ ನಮ್ಮ ಹುಡುಗರಿಗೆ ಏನಿತ್ತು? ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹತ್ತು ಹನ್ನೆರಡರ ಪ್ರಾಯಕ್ಕೆ ಬಂದವರು ಹಗಲು ಹೋಟೆಲಿನಲ್ಲಿ ಲೋಟ ತೊಳೆದರು. ರಾತ್ರಿ ಶಾಲೆಗೆ ಹೋದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ರಾತ್ರಿ ಶಾಲೆ ತೆರೆದಿತ್ತು, ಆಮೇಲೆ ಫೋರ್ಟಿನಿಂದ ಉಪನಗರದವರೆಗೆ ಎಷ್ಟೋ ಬಂದವು. ಹೆಚ್ಚಿನವು ಹಗಲು ಬೇರೆಯವರು ಕಲಿಯುವ ಕೋಣೆಗಳಲ್ಲಿ ನಡೆದವು. ಚಿಕ್ಕ ಮಕ್ಕಳ ಬೆಂಚಿನಲ್ಲಿ ಮೀಸೆ ಮೂಡಿದ ಹುಡುಗರು ಮೊಣಕಾಲು ಮಡಚಿ ಕೂತರು. ಗೋಡೆಯ ಮೇಲಿನ ಪಟ ಅವರದಲ್ಲ, ಬೋರ್ಡಿನ ಮೂಲೆಯಲ್ಲಿ 'ಅಳಿಸಬೇಡಿ' ಅಂತ ಹಗಲಿನ ಮೇಷ್ಟರ ಬರಹ. ಪಾಠ ಮುಗಿದು ಹೋಟೆಲಿಗೆ ಮರಳಿದರೆ, ಗಿರಾಕಿ ಎದ್ದ ಮೇಜೇ ಹಾಸಿಗೆ. ಅಂದರೆ ಊಟ ಒಂದು ಕಡೆ, ಪಾಠ ಒಂದು ಕಡೆ, ನಿದ್ದೆಗೆ ಸಿಕ್ಕಿದ ಕಡೆ. ವೈಕಂ ಬಿಷಪ್ಪರು ಒಂದು ಅಂಗಳದ ಸುತ್ತ ಜೋಡಿಸಿದ್ದನ್ನು ನಮ್ಮ ಹುಡುಗರು ಊರಿಡೀ ನಡೆದು ಜೋಡಿಸಿಕೊಂಡರು.

ನಮ್ಮವರು ಏನೂ ಕಟ್ಟಲಿಲ್ಲ ಅಂತಲ್ಲ. ಇಲ್ಲೇ ಪಕ್ಕದ ವಡಾಲದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಶನ್ ಇದೆ. ಆದರೆ ಒಂದು ಹಗಲಿನ ಶಾಲೆ, ಇನ್ನೊಂದು ಸಭೆ ನಾಟಕದ ಮನೆ. ಒಬ್ಬಂಟಿ ಹುಡುಗ ಬಟ್ಟೆಯ ಗಂಟು ಇಡುವುದಕ್ಕೆ ಇವು ಕಟ್ಟಿದವಲ್ಲ.

1995ರಲ್ಲಿ ಮುಂಬಯಿಗೆ ಪಾರಂಪರಿಕ ಕಟ್ಟಡಗಳ ನಿಯಮ ಬಂತು. ಒಂದು, ಎರಡು, ಮೂರು ಅಂತ ದರ್ಜೆ ಹಾಕಿದರು. ಒಳ್ಳೆಯ ಕೆಲಸವೇ. ಆ ಪಟ್ಟಿಯಿಂದಾಗಿ ಎಷ್ಟೋ ಕಲ್ಲಿನ ಮನೆಗಳು ಬುಲ್ಡೋಜರಿನಿಂದ ಉಳಿದವು. ಆದರೆ ಪಟ್ಟಿಗೆ ಸೇರಬೇಕಾದರೆ ಮೊದಲು ಕಟ್ಟಡ ಇರಬೇಕಲ್ಲ! ಎರವಲು ಕೋಣೆಯಲ್ಲಿ ನಡೆದ ಶಾಲೆಗೆ ಯಾವ ದರ್ಜೆ? ಹಾಜರಿ ಪುಸ್ತಕ ಮುಚ್ಚಿದ ದಿನವೇ ಅದು ಇರಲೇ ಇಲ್ಲವೆಂಬಂತಾಗುತ್ತದೆ. ಈಚಿನ ದಶಕಗಳಲ್ಲಿ ಹೀಗೆ ಮುಚ್ಚಿದ ಕನ್ನಡ ರಾತ್ರಿ ಶಾಲೆಗಳು ಹಲವು. ಊರಿನಿಂದ ಹುಡುಗರು ಬರುವುದು ನಿಂತಿತು, ಅದು ಒಳ್ಳೆಯದೇ ಆಯಿತು. ಅಲ್ಲಿ ಓದಿ ವಕೀಲರೋ ಬ್ಯಾಂಕಿನವರೋ ಹೋಟೆಲಿನ ಧಣಿಗಳೋ ಆದವರು ಈಗ ಮೊಮ್ಮಕ್ಕಳಿಗೆ ತೋರಿಸುವುದಕ್ಕೆ ಒಂದು ಬಾಗಿಲೂ ಇಲ್ಲ.

ಕಟ್ಟಡಶಾಸ್ತ್ರ ಓದುವ ನಮ್ಮ ಹುಡುಗ ಹುಡುಗಿಯರು ಅಳತೆ ಪಟ್ಟಿ ಹಿಡಿದು ಕಾಟನ್ ಶಾಲೆಯ ಕಂಬ ಅಳೆಯಲಿ, ಬೇಡ ಅನ್ನುವವರು ಯಾರು. ಜತೆಗೆ ಮಾಟುಂಗಾದ್ದೋ ಫೋರ್ಟಿನದ್ದೋ ಒಂದು ಹಳೆಯ ಹೋಟೆಲಿಗೂ ಹೋಗಲಿ. ಅಡುಗೆ ಮನೆಯ ಮೇಲಿನ ಅಟ್ಟಕ್ಕೆ ಎಷ್ಟು ಎತ್ತರ, ಅಲ್ಲಿ ಎಷ್ಟು ಜನ ಮಲಗಬಹುದಿತ್ತು, ಗಾಳಿ ಯಾವ ಕಡೆಯಿಂದ, ಟ್ರಂಕು ಎಲ್ಲಿ, ಪುಸ್ತಕ ಎಲ್ಲಿ, ಅಲ್ಲಿಂದ ರಾತ್ರಿ ಶಾಲೆಗೆ ಎಷ್ಟು ಹೆಜ್ಜೆ, ಇವನ್ನೆಲ್ಲ ನಕ್ಷೆಯಲ್ಲಿ ಬರೆದಿಡಲಿ. ಅಂಥ ಒಂದು ನಕ್ಷೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಹೇಳಬಲ್ಲವರು ಈಗಲೂ ಇದ್ದಾರೆ. ಪ್ರಾಯ ಎಪ್ಪತ್ತು ಎಂಬತ್ತು ದಾಟಿದೆ, ಅಷ್ಟೆ.