ಎರಡು ಕಡೆಯ ಚರಿತ್ರೆ: ಕಲಬುರಗಿಯ ನೆನಪು ಮತ್ತು ಶಾಂತಿಶಿಕ್ಷಣ

ಶಾಂತಿಶಿಕ್ಷಣವೆಂದರೆ ಪಠ್ಯಪುಸ್ತಕದಿಂದ ಯುದ್ಧವನ್ನು ತೆಗೆದುಹಾಕುವುದಲ್ಲ; ಅದನ್ನು ಎರಡೂ ಕಡೆಯಿಂದ ಓದಲು ಕಲಿಸುವುದು. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ 1951ರಲ್ಲಿ ಗೆಯೋರ್ಗ್ ಎಕರ್ಟ್ ಸ್ಥಾಪಿಸಿದ ಸಂಸ್ಥೆ ಈ ದಿಕ್ಕಿನಲ್ಲಿ ದುಡಿಯಿತು. 2006ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳ ವಿದ್ಯಾರ್ಥಿಗಳಿಗೆ ಒಂದೇ ಚರಿತ್ರೆಯ ಪುಸ್ತಕ ಹೊರಬಂದಿತು. ಭಾರತದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಶಾಂತಿಶಿಕ್ಷಣಕ್ಕೆ ಸ್ಥಾನ ಕೊಟ್ಟಿತು. ಆದರೆ ಈ ಆಶಯ ನಿಜವಾಗಿ ಪರೀಕ್ಷೆಗೊಳಗಾಗುವುದು ಕಲಬುರಗಿಯಂತಹ ನೆಲದಲ್ಲಿ.

1347ರಲ್ಲಿ ಸ್ಥಾಪನೆಗೊಂಡ ಬಹಮನಿ ರಾಜ್ಯ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡಿತು. ಕೃಷ್ಣಾ–ತುಂಗಭದ್ರಾ ದೋಆಬಿಗಾಗಿ ವಿಜಯನಗರದೊಡನೆ ಅದು ನಡೆಸಿದ ಯುದ್ಧಗಳು ಶಾಲಾ ಪಾಠಗಳಲ್ಲಿ ಸಾಮಾನ್ಯವಾಗಿ ಇಸವಿಗಳ ಪಟ್ಟಿಯಾಗಿ, ಇಲ್ಲವೇ ಎರಡು ಧರ್ಮಗಳ ಹೋರಾಟವಾಗಿ ಉಳಿದುಬಿಡುತ್ತವೆ. ಈ ಸರಳೀಕರಣದಲ್ಲಿ ಕಳೆದುಹೋಗುವ ಸಂಗತಿಯೊಂದಿದೆ. ಒಂದನೆಯ ಮಹಮ್ಮದ್ ಷಾ ಮತ್ತು ಬುಕ್ಕರಾಯರ ನಡುವಿನ ಘೋರ ಯುದ್ಧದ ಕೊನೆಗೆ, ಗೆದ್ದ ಮೇಲೆ ಶತ್ರುವನ್ನು ಕೊಲ್ಲುವುದಿಲ್ಲವೆಂದು ಸುಲ್ತಾನನು ಪ್ರಮಾಣ ಮಾಡಿದನೆಂದು ಫರಿಷ್ತಾ ಬರೆಯುತ್ತಾನೆ. ಎರಡು ರಾಜ್ಯಗಳೂ ಬಹುಕಾಲ ನೆರೆಹೊರೆಯಾಗಿ ಬಾಳಬೇಕೆಂಬುದೇ ವಿಜಯನಗರದ ರಾಯಭಾರಿಗಳು ಮುಂದಿಟ್ಟ ವಾದ. ಮುಂದೆ ಅಹಮದ್ ಷಾ ಸಾಮಾನ್ಯ ಜನರನ್ನು ಕೊಲ್ಲಿಸಿದಾಗ, ಅದು ಆ ಒಪ್ಪಂದಕ್ಕೆ ವಿರುದ್ಧವೆಂದು ಅದೇ ಚರಿತ್ರಕಾರ ದಾಖಲಿಸುತ್ತಾನೆ.

ಫರಿಷ್ತಾನ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಅವನು ಬಿಜಾಪುರದ ಆಶ್ರಯದಲ್ಲಿ, ಘಟನೆಗೆ ಎರಡು ಶತಮಾನಗಳಿಗೂ ಮಿಗಿಲಾದ ಕಾಲದ ನಂತರ ಬರೆದವನು. ಅವನು ಕೊಡುವ ಸಾವಿನ ಲೆಕ್ಕಗಳು ಉತ್ಪ್ರೇಕ್ಷಿತ. ಆದರೆ ಈ ಸಂಶಯವೂ ಪಾಠದ ಭಾಗವೇ ಆಗಬೇಕು. ತನ್ನ ಪಕ್ಷದ ದೊರೆಯ ತಪ್ಪನ್ನು ಬರೆದಿಡುವ ಲೇಖಕನನ್ನು ಓದಿದ ವಿದ್ಯಾರ್ಥಿ, ಚರಿತ್ರೆಗೂ ಜಯಘೋಷಕ್ಕೂ ಇರುವ ಅಂತರವನ್ನು ಅರಿಯಬಲ್ಲ. ಹಂಪಿಯಲ್ಲಿ 1439ರಲ್ಲಿ ಅಹಮದ್ ಖಾನನು ಕಟ್ಟಿಸಿದ ಮಸೀದಿಯನ್ನೂ, ವಿಜಯನಗರದ ಅರಸರು ಧರಿಸಿದ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನೂ ಇದರೊಡನೆ ಇಟ್ಟು ನೋಡಿದರೆ ಎರಡು ಧರ್ಮಗಳ ಕದನವೆಂಬ ಚೌಕಟ್ಟು ಸಡಿಲಗೊಳ್ಳುತ್ತದೆ.

ಹತ್ತಿರದ ಗತಕಾಲ ಇನ್ನೂ ಕಠಿಣವಾದುದು. 1948ರಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಈ ಭಾಗದ ವಿಮೋಚನಾ ಕಥನದಲ್ಲಿ ನೆಲೆ ಪಡೆದಿದೆ. ಅದೇ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿ ಪರಿಶೀಲಿಸಿ, ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳನ್ನೂ ಹೆಸರಿಸಿತು. ಆ ವರದಿ ಸಾರ್ವಜನಿಕರ ಕೈಗೆ ದೊರೆತದ್ದು 2013ರಲ್ಲಿ. ಒಂದು ನೋವನ್ನು ಹೇಳಿ ಇನ್ನೊಂದನ್ನು ಮರೆಸಿದರೆ ಪಠ್ಯವು ಗಾಯವನ್ನು ಮಾಯಿಸುವುದಿಲ್ಲ, ಮುಚ್ಚಿಡುತ್ತದೆ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದೂ ಸಲ್ಲದು. ಎರಡಕ್ಕೂ ಅವುಗಳದೇ ಕಾರಣ, ಕಾಲ, ಹೊಣೆಗಾರಿಕೆಗಳಿವೆ.

ಸೂಪರ್ ಮಾರ್ಕೆಟ್ಟಿನ ಅಂಗಡಿಬೀದಿಗಳಲ್ಲಿ ಕನ್ನಡ, ದಖನಿ ನುಡಿಗಳು ದಿನನಿತ್ಯ ಬೆರೆಯುತ್ತವೆ. ಆ ಬೀದಿಯಲ್ಲಿ ನಡೆದು ಶಾಲೆಗೆ ಹೋಗುವ ಎರಡು ಮನೆಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು, ತಲೆ ತಗ್ಗಿಸದೆ ಓದಬಲ್ಲ ಪಾಠವನ್ನು ಬರೆಯುವುದೇ ಶಾಂತಿಶಿಕ್ಷಣದ ನಿಜವಾದ ಹೊಣೆ.