ನರೆ-ತೆರೆಗಳ ಸಾಕ್ಷ್ಯ: ಒಂದು ವಿಮರ್ಶೆ

ಮನುಷ್ಯನ ವಯಸ್ಸನ್ನು ಅವನ ಕೂದಲೂ ಚರ್ಮವೂ ಹೇಳಬಲ್ಲವೆಂಬ ನಂಬಿಕೆ ಬಹು ಪ್ರಾಚೀನವಾದುದು. ಈ ಸಂದರ್ಭದಲ್ಲಿ ನರೆ-ತೆರೆಗಳನ್ನು ಕುರಿತ ಬಸವಣ್ಣನವರ ವಚನ ಕನ್ನಡಿಗರಿಗೆ ನೆನಪಾಗುವುದು ಸಹಜ. ಆದರೆ ಆ ವಚನವು ಈ ನಂಬಿಕೆಯನ್ನು ಸಮರ್ಥಿಸುತ್ತದೆಯೇ ಎಂಬುದು ವಿಚಾರಾರ್ಹವಾಗಿದೆ.

ವಚನದಲ್ಲಿ ಮುಪ್ಪಿನ ಚಿಹ್ನೆಗಳು ಒಂದು ಕ್ರಮದಲ್ಲಿ ಬರುತ್ತವೆ: ಮೊದಲು ನರೆ, ಸುಕ್ಕು, ಬಳಿಕ ಬೀಳುವ ಹಲ್ಲು, ಬಾಗುವ ಬೆನ್ನು, ಅನ್ಯರ ಹಂಗು, ಕಡೆಗೆ ಮರಣ. ಇಷ್ಟನ್ನು ಹೇಳಿದ ವಚನಕಾರರು ವರ್ಷಗಳ ಲೆಕ್ಕವನ್ನು ಮಾತ್ರ ಎಲ್ಲಿಯೂ ಹೇಳಿಲ್ಲ. ಅವರಿಗೆ ಬೇಕಾದುದು ಎಚ್ಚರಿಕೆ, ಅಳತೆಯಲ್ಲ. ಪಾಲಿ ಜಾತಕದ ಮಖಾದೇವ ರಾಜನ ಕಥೆಯೂ ಇದನ್ನೇ ಸೂಚಿಸುತ್ತದೆ. ಕ್ಷೌರಿಕನು ಕಿತ್ತು ಅಂಗೈಯಲ್ಲಿಟ್ಟ ಒಂದು ನರೆಗೂದಲನ್ನು ಕಂಡು ಆತನು ರಾಜ್ಯವನ್ನು ತ್ಯಜಿಸಿದನು. ಆಗ ಅವನಿಗೆ ಇನ್ನೂ 84,000 ವರ್ಷಗಳ ಆಯುಸ್ಸು ಉಳಿದಿತ್ತೆಂದು ಕಥೆಯೇ ಹೇಳುತ್ತದೆ.

ಆಧುನಿಕ ಕಾಲದಲ್ಲಿ ಈ ಚಿಹ್ನೆಗಳನ್ನು ಅಂಕಿಗಳಿಗೆ ಇಳಿಸುವ ಪ್ರಯತ್ನ ನಡೆದಿದೆ. 50ನೆಯ ವಯಸ್ಸಿಗೆ ಅರ್ಧದಷ್ಟು ಜನರಿಗೆ ಅರ್ಧದಷ್ಟು ತಲೆ ನರೆಯುವುದೆಂಬ ಸೂತ್ರವೊಂದು ಬಹುಕಾಲ ಪ್ರಚಾರದಲ್ಲಿತ್ತು. ಹಲವು ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥವರ ಪ್ರಮಾಣ ಶೇಕಡಾ 6ರಿಂದ 23 ಮಾತ್ರವೆಂದು ಕಂಡುಬಂದಿತು. ಚರ್ಮದ ವಿಷಯವೂ ಹೀಗೆಯೇ. ಬಿಸಿಲಿಗೆ ಒಡ್ಡಿದ ಮುಖ ಮತ್ತು ಮುಂಗೈಗಳು ಬೇಗ ಸುಕ್ಕುಗಟ್ಟುತ್ತವೆ. ತೋಳಿನ ಒಳಭಾಗ ಬಹುಕಾಲ ನಯವಾಗಿಯೇ ಉಳಿಯುತ್ತದೆ. ಒಂದೇ ದೇಹದ ಎರಡು ಭಾಗಗಳು ಎರಡು ವಯಸ್ಸುಗಳನ್ನು ಹೇಳುವುದಾದರೆ ಯಾವುದನ್ನು ನಂಬಬೇಕು?

ಇತಿಹಾಸಕಾರನಿಗೆ ಈ ಪ್ರಶ್ನೆ ಹೊಸದಲ್ಲ. ಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಮಾಗಳದ ಚಾಲುಕ್ಯಶೈಲಿಯ ವೇಣುಗೋಪಾಲ ದೇವಾಲಯವನ್ನು ಅಲೆಕ್ಸಾಂಡರ್ ರೀ 1896ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಇಂಥ ಗುಡಿಗಳ ಹೊರಗೋಡೆ ಮಳೆಬಿಸಿಲಿಗೆ ಸವೆಯುತ್ತದೆ. ಒಳಗಿನ ಕಂಬ ಹೊಳಪನ್ನು ಉಳಿಸಿಕೊಳ್ಳುತ್ತದೆ. ಆದಕಾರಣ ನಾವು ಕಾಲನಿರ್ಣಯಕ್ಕೆ ಸವೆತವನ್ನಲ್ಲ, ಶಾಸನವನ್ನೂ ಶೈಲಿಯನ್ನೂ ಆಶ್ರಯಿಸುತ್ತೇವೆ. ಕಲ್ಲಿಗೆ ತೋರುವ ಈ ನ್ಯಾಯವನ್ನು ಮನುಷ್ಯನಿಗೂ ತೋರಬೇಡವೇ?

ಇದು ಕೇವಲ ಪಾಂಡಿತ್ಯದ ಜಿಜ್ಞಾಸೆಯಲ್ಲ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ವೇತನಕ್ಕೆ 65 ವರ್ಷ ತುಂಬಿರಬೇಕು. ಜನನ-ಮರಣ ನೋಂದಣಿಯ ಅಧಿನಿಯಮ ಬಂದುದು 1969ರಲ್ಲಿ. ಇಂದು 65 ದಾಟಿದವರೆಲ್ಲರೂ ಅದಕ್ಕೆ ಹಿಂದೆ ಹುಟ್ಟಿದವರು, ಅವರಲ್ಲಿ ಅನೇಕರಿಗೆ ಜನನಪತ್ರವಿಲ್ಲ. ಅಂಥಲ್ಲಿ ಮುಖ ನೋಡಿ ವಯಸ್ಸು ಬರೆದರೆ, ಜೋಳದ ಹೊಲದಲ್ಲಿ ದುಡಿದವಳಿಗೆ ಹತ್ತು ವರ್ಷ ಹೆಚ್ಚಾದೀತು. ನೆರಳಿನಲ್ಲಿ ಕುಳಿತು ಬುಟ್ಟಿ ಹೆಣೆದವಳಿಗೆ ಹತ್ತು ವರ್ಷ ಕಡಿಮೆಯಾಗಿ ವೇತನವೇ ತಪ್ಪೀತು.

ಇದಕ್ಕಿಂತ ಮೇಲಾದ ದಾರಿಯೊಂದಿದೆ. ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತುದೂ ಹಡಗಲಿ ಮದರಾಸು ಪ್ರಾಂತದಿಂದ ಮೈಸೂರಿಗೆ ಸೇರಿದುದೂ 1953ರಲ್ಲಿ. ಇಂಥ ಘಟನೆಗಳ ಹಿಂದೆಯೋ ಮುಂದೆಯೋ ಹುಟ್ಟಿದುದೆಂದು ವಿಚಾರಿಸಿ, ಒಡಹುಟ್ಟಿದವರ ಮತ್ತು ಮಕ್ಕಳ ವಯಸ್ಸಿನೊಡನೆ ತಾಳೆ ನೋಡಿದರೆ ನಿಜಕ್ಕೆ ಹೆಚ್ಚು ಸಮೀಪವಾದ ಲೆಕ್ಕ ದೊರೆಯುತ್ತದೆ. ನರೆ-ತೆರೆಗಳು ಬಾಳಿದ ರೀತಿಗೆ ಸಾಕ್ಷಿ, ಬಾಳಿದ ವರ್ಷಗಳಿಗಲ್ಲ.